ಶಾಲೆಯ ಗಣಕಯಂತ್ರ ಯಾರದು?

ನವಂಬರ್ 1 ಬಂದಿತೆಂದರೆ ಹೊರನಾಡಿನಲ್ಲಿ ನೆಲಸಿರುವ ನಮ್ಮಂಥವರಿಗೆ ಏಕೀಕರಣದ ನೆನಪು ಒತ್ತರಿಸಿ ಬರುವುದು ಸಹಜವೇ. ಆದರೆ 1956ರ ಅದೇ ದಿನ, ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಕೇರಳದ ಪಾಲಾಯಿತೆಂಬುದನ್ನು ಕನ್ನಡಿಗರು ಮರೆತಿಲ್ಲ. ಮಂಜೇಶ್ವರದ ಗೋವಿಂದ ಪೈಗಳ, ಕಯ್ಯಾರ ಕಿಞ್ಞಣ್ಣ ರೈಗಳ ನಾಡು ಅದು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಆ ಶಾಲೆಗಳ ಮಕ್ಕಳು ಗಣಕಯಂತ್ರದ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿಯೇ ಓದುತ್ತಾರೆ. ಅವರು ಅಭ್ಯಾಸ ಮಾಡುವ ಯಂತ್ರವನ್ನು ನಡೆಸುವ ವ್ಯವಸ್ಥೆಯೋ ಯಾವೊಂದು ಕಂಪನಿಯ ಸ್ವತ್ತೂ ಅಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಣಕಯಂತ್ರವೆಂಬುದು ತಾನಾಗಿ ಏನನ್ನೂ ಅರಿಯದು. ಕೀಲಿಮಣೆಯ ಒತ್ತನ್ನು ಅಕ್ಷರವಾಗಿಸಿ ತೆರೆಯ ಮೇಲೆ ತೋರುವುದು, ಬರೆದುದನ್ನು ಕಾಪಾಡಿಡುವುದು, ಮುದ್ರಣಯಂತ್ರಕ್ಕೆ ಕಳುಹುವುದು, ಇವನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿಯಂಥ ತಂತ್ರಾಂಶವೊಂದು ಅದರೊಳಗೆ ಇರಲೇಬೇಕು. ಅದನ್ನೇ ಕಾರ್ಯಾಚರಣೆ ವ್ಯವಸ್ಥೆ ಎನ್ನುವರು. ಪೇಟೆಯಲ್ಲಿ ಕೊಳ್ಳುವ ಇಂಥ ತಂತ್ರಾಂಶಗಳಲ್ಲಿ ಹೆಚ್ಚಿನವಕ್ಕೆ ಒಂದು ಕಟ್ಟುಪಾಡುಂಟು: ಬಳಸಬಹುದು, ಆದರೆ ಒಳಗಿನ ಬರಹವನ್ನು ನೋಡುವಂತಿಲ್ಲ; ತಿದ್ದುವಂತಿಲ್ಲ; ನೆರೆಯವನಿಗೆ ಪ್ರತಿ ಮಾಡಿ ಕೊಡುವಂತಿಲ್ಲ. ನಾವು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಲೆಕ್ಕದ ಪುಸ್ತಕವನ್ನು ನಮಗೆ ಮಾರಿ, ಅದನ್ನು ಬರೆದ ಗುಪ್ತಲಿಪಿಯನ್ನು ಮಾರಿದವನೇ ಇಟ್ಟುಕೊಂಡಂತೆ.

ಈ ಕಟ್ಟುಪಾಡನ್ನು ಪ್ರಶ್ನಿಸಿದವರಲ್ಲಿ ಮುಖ್ಯರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಅವರು ದುಡಿಯುತ್ತಿದ್ದ ಎಂ.ಐ.ಟಿ. ಪ್ರಯೋಗಾಲಯದ ಮುದ್ರಣಯಂತ್ರವೊಂದರಲ್ಲಿ ಕಾಗದ ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿದೊಡನೆ ಎಲ್ಲರಿಗೂ ಸೂಚನೆ ಹೋಗುವಂತೆ ಮಾಡಲು ಅವರು ಸಿದ್ಧರಿದ್ದರು. ಆದರೆ ಒಳಬರಹ ಅವರಿಗೆ ಸಿಗಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು, ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ಸಂಪೂರ್ಣ ವ್ಯವಸ್ಥೆಯೊಂದನ್ನು ಕಟ್ಟುವೆನೆಂದು ಸಾರಿದರು. ಅದರ ಹೆಸರು ಗ್ನೂ. 1989ರಲ್ಲಿ ಅದಕ್ಕೊಂದು ಸಾಮಾನ್ಯ ಪರವಾನಗಿಪತ್ರವನ್ನು ಹೊರಡಿಸಿದರು. ಅದರ ಷರತ್ತು ಸೊಗಸಾದುದು: ತಿದ್ದಿದ ಪ್ರತಿಯನ್ನು ಹಂಚುವವನು, ತನಗೆ ದೊರೆತ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡತಕ್ಕದ್ದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ, 21 ವರ್ಷದ ಲೀನಸ್ ಟೋರ್ವಾಲ್ಡ್ಸ್, ಲಿನಕ್ಸ್ ಎಂಬ ತಿರುಳನ್ನು ಬರೆದರು; ಮರುವರ್ಷ ಅದೇ ಪರವಾನಗಿಗೆ ಅದನ್ನು ಒಳಪಡಿಸಿದರು. ಎರಡೂ ಕೂಡಿ ಪೂರ್ಣವಾದೊಂದು ವ್ಯವಸ್ಥೆಯಾಯಿತು. ಅದನ್ನು ಆಧರಿಸಿ 1993ರಲ್ಲಿ ಡೆಬಿಯನ್, 2004ರಲ್ಲಿ ಉಬುಂಟು ಮೊದಲಾದ ಆವೃತ್ತಿಗಳು ಹುಟ್ಟಿಕೊಂಡುವು.

ಶಾಲೆಗಳ ಕಡೆಗೆ ಇದು ತಿರುಗಿದ್ದು ಹೊಸ ಶತಮಾನದ ಆರಂಭದಲ್ಲಿ. 2001ರಲ್ಲಿ ನಾರ್ವೆ ದೇಶದ ಉತ್ಸಾಹಿಗಳು 'ಸ್ಕೋಲೆಲಿನಕ್ಸ್' ಎಂಬ ಆವೃತ್ತಿಯ ಕೆಲಸಕ್ಕೆ ತೊಡಗಿದರು. ಬಲವಾದ ಯಂತ್ರವೊಂದನ್ನು ನಡುವೆ ಇಟ್ಟು, ಕಚೇರಿಗಳು ಬಿಸಾಡಿದ ಹಳೆಯ ಗಣಕಗಳನ್ನು ಅದಕ್ಕೆ ಜೋಡಿಸಿ ಇಡೀ ತರಗತಿಯನ್ನು ನಡೆಸುವ ಉಪಾಯ ಅವರದು. 2002ರಲ್ಲಿ ಸ್ಪೇನಿನ ಬಡ ಪ್ರಾಂತವಾದ ಎಸ್ತ್ರೆಮದೂರವು 'ಲಿನೆಕ್ಸ್' ಎಂಬ ತನ್ನದೇ ಆವೃತ್ತಿಯನ್ನು ತಂದು, ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಗಣಕದಂತೆ ಶಾಲೆಗಳಲ್ಲಿ ಕೂಡಿಸಹೊರಟಿತು. ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಬಹಳ ಹಿಡಿಸಿತು. ಬರವಣಿಗೆಯ ತಂತ್ರಾಂಶಕ್ಕೆ ತಮ್ಮ ನೆಲದ ಕವಿ ಎಸ್ಪ್ರೊನ್ಸೇದನ ಹೆಸರನ್ನೂ, ಚಿತ್ರ ತಿದ್ದುವ ತಂತ್ರಾಂಶಕ್ಕೆ ತಮ್ಮ ಚಿತ್ರಕಾರ ಸುರ್ಬರಾನನ ಹೆಸರನ್ನೂ ಇಟ್ಟರು. ನಮ್ಮ ಶಾಲೆಯ ಹುಡುಗನೊಬ್ಬ 'ಪಂಪ'ನನ್ನು ತೆರೆದು ಪ್ರಬಂಧ ಬರೆಯುವುದನ್ನು ಊಹಿಸಿಕೊಳ್ಳಿರಿ! ಬೀಗ ಹಾಕಿದ ತಂತ್ರಾಂಶದಲ್ಲಿ ಇಷ್ಟು ಸಲಿಗೆ ಸಿಕ್ಕದು.

ಇನ್ನು ಕೇರಳಕ್ಕೆ ಬರೋಣ. ಶಾಲೆಗಳಲ್ಲಿ ಗಣಕ ಶಿಕ್ಷಣ ಹೇಗಿರಬೇಕೆಂದು ಸಲಹೆ ನೀಡಲು ಅಲ್ಲಿಯ ಸರಕಾರ ನೇಮಿಸಿದ ತಜ್ಞರ ಸಮಿತಿಯ ಅಧ್ಯಕ್ಷರಾಗಿದ್ದವರು ಪ್ರೊ. ಯು. ಆರ್. ರಾಯರು. ಉಡುಪಿ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿ, 'ಇಸ್ರೋ' ಸಂಸ್ಥೆಯ ಅಧ್ಯಕ್ಷ ಪದವಿಗೇರಿದ ನಮ್ಮ ಕನ್ನಡಿಗರು. ಅವರ ಸಮಿತಿಯ ವರದಿಯ ಆಧಾರದ ಮೇಲೆ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. ಅದೇ ವರ್ಷ ಜುಲೈಯಲ್ಲಿ ಸ್ಟಾಲ್‌ಮನ್ನರು ತಿರುವನಂತಪುರಕ್ಕೆ ಬಂದು ಮುಕ್ತ ತಂತ್ರಾಂಶ ಪ್ರತಿಷ್ಠಾನದ ಭಾರತೀಯ ಶಾಖೆಯನ್ನು ಉದ್ಘಾಟಿಸಿದರು.

ಹಾಗೆಂದು ಎಲ್ಲವೂ ಒಂದೇ ಹಗಲಿನಲ್ಲಿ ಆದುದಲ್ಲ. ಮೊದಮೊದಲು ಪಾಠಗಳು ಮಾರಾಟದ ತಂತ್ರಾಂಶವನ್ನೇ ಆಧರಿಸಿದ್ದುವು. ಸರಕಾರಿ ಶಾಲೆಯ ಪಠ್ಯವು ಒಂದು ಕಂಪನಿಯ ಸರಕನ್ನು ಪರಿಚಯಿಸುವ ಪುಸ್ತಕವಾಗಬಾರದೆಂದು ಆಕ್ಷೇಪವೆತ್ತಿದವರು ಅಧ್ಯಾಪಕರು. ಕೆಲಕಾಲ ಎರಡು ಬಗೆಯ ತಂತ್ರಾಂಶಗಳೂ ಜತೆಯಾಗಿ ನಡೆದುವು. ಕ್ರಮೇಣ ಡೆಬಿಯನ್‌ನಿಂದಲೂ ಅನಂತರ ಉಬುಂಟುವಿನಿಂದಲೂ ತಿದ್ದಿ ತಯಾರಿಸಿದ ಸ್ವಂತ ಆವೃತ್ತಿ ಶಾಲೆಗಳಿಗೆ ಬಂದಿತು. 2008ರ ಹೊತ್ತಿಗೆ ಹತ್ತನೆಯ ತರಗತಿಯ ಗಣಕ ಪರೀಕ್ಷೆಯನ್ನು ರಾಜ್ಯದ ಮಕ್ಕಳೆಲ್ಲರೂ ಮುಕ್ತ ತಂತ್ರಾಂಶದಲ್ಲಿಯೇ ಕೊಡುವಂತಾಯಿತು. ಇದರ ಹಿಂದೆ ಇದ್ದುದು ಯಂತ್ರಗಳ ಬಲವಲ್ಲ, ಮಾಸ್ತರರ ಬಲ. ಶಾಲೆಗೊಬ್ಬರಂತೆ ಅಧ್ಯಾಪಕರನ್ನು ಹೊಣೆಗಾರರನ್ನಾಗಿ ಮಾಡಿದರು. ಅವರಿಗೆ ಕಲಿಸಲು ಅಧ್ಯಾಪಕರಲ್ಲೇ ಕೆಲವರನ್ನು ತರಬೇತುದಾರರನ್ನಾಗಿ ಸಿದ್ಧಪಡಿಸಿದರು. ಕೆಟ್ಟ ಗಣಕಗಳನ್ನು ರಿಪೇರಿ ಮಾಡುವ ಶಿಬಿರಗಳನ್ನು ನಡೆಸಿದರು. 2017ರಲ್ಲಿ ಆ ಯೋಜನೆಯೇ 'ಕೈಟ್' ಎಂಬ ಸಂಸ್ಥೆಯಾಯಿತು. ಮರುವರ್ಷ ಆರಂಭವಾದ 'ಲಿಟಲ್ ಕೈಟ್ಸ್' ಕೂಟಗಳಿಗೆ ಒಂದು ಲಕ್ಷಕ್ಕೂ ಮಿಕ್ಕಿ ಮಕ್ಕಳು ಸೇರಿದರು.

ಈಗ ಲೆಕ್ಕದ ಮಾತು. 2019ರಲ್ಲಿ ಹೊಸ ಆವೃತ್ತಿಯನ್ನು 2 ಲಕ್ಷಕ್ಕೂ ಮಿಕ್ಕ ಗಣಕಗಳಿಗೆ ಹಂಚುವಾಗ, ಇದರಿಂದ 3000 ಕೋಟಿ ರೂಪಾಯಿ ಉಳಿಯುವುದೆಂದು ಆ ಸಂಸ್ಥೆ ತಿಳಿಸಿತು. ಗಣಕವೊಂದಕ್ಕೆ ಬೇಕಾಗುವ ಎಲ್ಲ ತಂತ್ರಾಂಶಗಳ ಪರವಾನಗಿಗೆ 1.5 ಲಕ್ಷ ರೂಪಾಯಿ ಹಿಡಿದು ಮಾಡಿದ ಗುಣಾಕಾರವಿದು. ದಿನವೂ ಜಮಾ-ಖರ್ಚಿನ ನಡುವೆ ಬಾಳುವ ನಮಗೆ ಇದು ತುಸು ಉದಾರವಾದ ಲೆಕ್ಕವೆಂದೇ ತೋರುತ್ತದೆ. ಯಾವ ಸರಕಾರವೂ ಅಷ್ಟನ್ನೆಲ್ಲ ಪೂರ್ಣ ಬೆಲೆ ತೆತ್ತು ಕೊಳ್ಳುತ್ತಿರಲಿಲ್ಲ. ಖರ್ಚಾಗದ ಹಣವನ್ನು ಜಮೆಯ ಕಡೆ ಬರೆಯುವ ರೂಢಿಯೂ ನಮ್ಮಲ್ಲಿಲ್ಲ.

ನಿಜವಾದ ಲಾಭ ಬೇರೆ ಕಡೆ ಇದೆ. ವಿಂಡೋಸ್ ಎಕ್ಸ್‌ಪಿ ಎಂಬ ಜನಪ್ರಿಯ ವ್ಯವಸ್ಥೆಗೆ 2014ರ ಏಪ್ರಿಲ್ 8ರಂದು ಕಂಪನಿಯ ಆಸರೆ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಒಳಗಿನ ಮೇಸ್ತ್ರಿ ಮಾತ್ರ ಕೆಲಸ ಬಿಟ್ಟು ಹೋಗುತ್ತಾನೆ. ಶ್ರೀಮಂತ ಶಾಲೆ ಹೊಸ ಯಂತ್ರ ತರಿಸುವುದು. ಬಡ ಶಾಲೆಯ ಕೋಣೆಗೆ ಬೀಗ ಬೀಳುವುದು. ಮುಕ್ತ ವ್ಯವಸ್ಥೆಯ ಆವೃತ್ತಿಗಳಿಗೂ ಅವಧಿಯೇನೋ ಉಂಟು. ಆದರೆ ಮುಂದುವರಿಸುವ ಹಕ್ಕು ಎಲ್ಲರ ಕೈಯಲ್ಲಿರುವುದರಿಂದ ಹೊಸದನ್ನು ಹಾಕಿಕೊಳ್ಳಲು ಯಾರಿಗೂ ಹಣ ತೆರಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಳೆಯ ಯಂತ್ರಕ್ಕೆ ಒಗ್ಗುವ ಹಗುರವಾದ ಆವೃತ್ತಿಗಳೂ ದೊರೆಯುತ್ತವೆ.

ಎರಡನೆಯ ಲಾಭ ಭಾಷೆಯದು. ಕಂಪನಿಯೊಂದು ಕನ್ನಡವನ್ನು ತನ್ನ ತಂತ್ರಾಂಶಕ್ಕೆ ಸೇರಿಸಬೇಕಾದರೆ ಎಷ್ಟು ಜನ ಕೊಳ್ಳುವರೆಂದು ಕೇಳುವುದು ಸ್ವಾಭಾವಿಕ. ವ್ಯಾಪಾರಕ್ಕೆ ಕುಳಿತವರನ್ನು ನಾವು ದೂರಲಾರೆವು. ಮುಕ್ತ ತಂತ್ರಾಂಶದಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಯಾರಿಗೆ ಬೇಕೋ ಅವರು ಕುಳಿತು ಅನುವಾದಿಸಬಹುದು. 1991ರಲ್ಲಿ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ದೊರೆತ ಮೇಲೆ, ಕನ್ನಡದ ಕೆಲಸಗಾರರು ಲಿನಕ್ಸಿನ ಆದೇಶಗಳನ್ನು ಕನ್ನಡಿಸುತ್ತ ಬಂದರು. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಮುಕ್ತ ಅಕ್ಷರಶೈಲಿಗಳೂ ಬಂದುವು. ಕರ್ನಾಟಕದಲ್ಲಿಯೂ 2011ರಿಂದ ಸರಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಅಧ್ಯಾಪಕರಿಗೆ ಉಬುಂಟುವಿನ ತರಬೇತಿ ದೊರೆಯಿತು. ನಮ್ಮ ಮುಂಬಯಿಯ ಪೊವಾಯಿಯಲ್ಲಿರುವ ಐ.ಐ.ಟಿ.ಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಇಂಥ ತಂತ್ರಾಂಶಗಳ ಪಾಠಗಳನ್ನು ಕನ್ನಡದ ದನಿಯಲ್ಲಿಯೂ ಉಚಿತವಾಗಿ ಒದಗಿಸಿದೆ. ಇದನ್ನು ನಮ್ಮಲ್ಲಿ ಅನೇಕರು ಅರಿಯರು.

ಆದರೆ ಪಾಲಕರ ಸಂದೇಹವೊಂದಕ್ಕೆ ಉತ್ತರ ಹೇಳಬೇಕು. "ಕಚೇರಿಗಳಲ್ಲೆಲ್ಲ ಬೇರೆಯದೇ ತಂತ್ರಾಂಶವಿರುವಾಗ ಮಕ್ಕಳಿಗೆ ಇದನ್ನು ಕಲಿಸಿ ಪ್ರಯೋಜನವೇನು?" ಎಂಬುದು ಆ ಸಂದೇಹ. ಸುಳ್ಳು ಸಂದೇಹವಲ್ಲ. ಆದರೆ ಇಂದು ಶಾಲೆ ಸೇರಿದ ಮಗು ನೌಕರಿಗೆ ಹೋಗುವ ವೇಳೆಗೆ ಕಚೇರಿಯ ತಂತ್ರಾಂಶ ಇಂದಿನದೇ ಆಗಿರುವುದಿಲ್ಲ. ಬಡ್ಡಿ ಕಟ್ಟುವ ಸೂತ್ರ ತಿಳಿದವನಿಗೆ ಯಾವ ಬ್ಯಾಂಕಿನ ಖಾತೆಯಾದರೇನು? ಗುಂಡಿ ಎಲ್ಲಿದೆಯೆಂದು ಕಲಿಸುವುದು ತರಬೇತಿ. ಗುಂಡಿಯ ಹಿಂದೆ ಏನಿದೆಯೆಂದು ಕಲಿಸುವುದು ವಿದ್ಯೆ. ಹಿಂದೆ ಏನಿದೆಯೆಂದು ತೋರಿಸಬೇಕಾದರೆ ಬಾಗಿಲು ತೆರೆದಿರಬೇಕಷ್ಟೆ.

ಬಾಗಿಲು ತೆರೆದಿದ್ದರೆ ಮಾತ್ರ ಸಾಲದು, ಒಳಹೊಗುವವರೂ ಬೇಕು. ಎಸ್ತ್ರೆಮದೂರದ ಲಿನೆಕ್ಸ್ ಕಾಲಕ್ರಮದಲ್ಲಿ ನಿಂತುಹೋಯಿತು, ಕೇರಳದ್ದು ನಡೆಯುತ್ತಿದೆ. ಮುಕ್ತ ತಂತ್ರಾಂಶ ಪುಕ್ಕಟೆ ದೊರೆತರೂ ಪುಕ್ಕಟೆ ಬಾಳುವುದಿಲ್ಲ. ಅದಕ್ಕೆ ಅಧ್ಯಾಪಕರ ದುಡಿಮೆಯ ಗೊಬ್ಬರ ವರ್ಷವರ್ಷವೂ ಬೀಳಬೇಕು. ಕಾಸರಗೋಡಿನ ಮಗುವಿನ ಕೈಗೆ ಕನ್ನಡದ ಗಣಕ ಪಾಠಪುಸ್ತಕ ಬಂದುದು ಕೂಡ ತಾನಾಗಿ ಅಲ್ಲ. ಅಲ್ಪಸಂಖ್ಯಾತ ಭಾಷೆಯ ಹಕ್ಕನ್ನು ಬಿಡದೆ ಹಿಡಿದ ಅಲ್ಲಿಯ ಜನ, ಅನುವಾದಕ್ಕೆ ಕುಳಿತ ಮಾಸ್ತರರು, ತಿದ್ದಲು ಎಡೆಕೊಟ್ಟ ತಂತ್ರಾಂಶ, ಈ ಮೂರೂ ಕೂಡಿ ಆದ ಕೆಲಸ ಅದು.

ಮುಂಬಯಿಯ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತ ಹಿರಿಯರು ನಮಗೆ ದಾರಿ ತೋರಿಸಿದ್ದಾರೆ. ಆ ರಾತ್ರಿಶಾಲೆಗಳನ್ನು ಕಟ್ಟಿದವರು, ಯಾರಾದರೂ ಬಂದು ಕನ್ನಡ ಕಲಿಸಲೆಂದು ಕಾದು ಕೂರಲಿಲ್ಲ. ಇಂದು ನಮ್ಮ ಮನೆಗಳ ಅಟ್ಟದ ಮೇಲೆ ಹಳೆಯ ಗಣಕಗಳು ಧೂಳು ತಿನ್ನುತ್ತಿವೆ. ನಾಲ್ಕನ್ನು ಸಂಘದ ವಾಚನಾಲಯಕ್ಕೆ ತಂದು, ಮುಕ್ತ ವ್ಯವಸ್ಥೆಯನ್ನು ಹಾಕಿ, ಭಾನುವಾರ ಎರಡು ಗಂಟೆ ಮಕ್ಕಳನ್ನು ಕೂಡಿಸಿದರೆ, ಮನೆಯಲ್ಲಿ ಕನ್ನಡ ಆಡಿದರೂ ಬರೆಯಲಾರದ ನಮ್ಮ ಮಕ್ಕಳು ಕೀಲಿಮಣೆಯ ಮೇಲಾದರೂ 'ಅ ಆ ಇ ಈ' ತಿದ್ದಬಲ್ಲರು. ಬಲ್ಲ ತರುಣರು ನಮ್ಮಲ್ಲಿ ಕಡಮೆಯಿಲ್ಲ. ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಆ ಮಕ್ಕಳು ತಾವೇ ಕನ್ನಡದಲ್ಲಿ ಬೆರಳಚ್ಚು ಮಾಡಿದ ಒಂದು ಪುಟವಿರಲಿ ಎಂಬುದು ನಮ್ಮ ಹಾರೈಕೆ.