ಹಬ್ಬ ಯಾರ ಮನೆಯಲ್ಲಿ? ಅಮೆರಿಕದ ಕ್ರಿಸ್‌ಮಸ್ ಸಿನಿಮಾಗಳ ಎಂಟು ದಶಕ

ಡಿಸೆಂಬರ್ ಬಂತೆಂದರೆ ಅಮೆರಿಕದ ಟಿವಿಯಲ್ಲಿ ಒಂದೇ ಕಥೆ ಹತ್ತಾರು ವೇಷ ತೊಟ್ಟು ಬರುತ್ತದೆ. ಮಹಾನಗರದಲ್ಲಿ ದುಡಿಯುವ ಹೆಣ್ಣುಮಗಳು ಹಬ್ಬಕ್ಕೆಂದು ಹುಟ್ಟೂರಿಗೆ ಮರಳುತ್ತಾಳೆ, ಮುನಿಸು ಕರಗುತ್ತದೆ, ಪ್ರೀತಿ ಕೈಗೂಡುತ್ತದೆ. ಇವನ್ನು ಅಗ್ಗದ ಭಾವುಕತೆಯೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದು ಸಮಾಜ ಯಾರನ್ನು ತನ್ನ ಮನೆಯವರೆಂದು ಎಣಿಸುತ್ತದೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಆದ್ದರಿಂದ ಪರದೆಯ ಮೇಲೆ ಎಷ್ಟು ಬಗೆಯ ಮುಖಗಳಿವೆ ಎಂದು ಎಣಿಸಿದರೆ ಸಾಲದು, ಹಬ್ಬ ನಡೆಯುತ್ತಿರುವುದು ಯಾರ ಮನೆಯಲ್ಲಿ ಎಂದು ಕೇಳಬೇಕು.

ಮೊದಲ ಘಟ್ಟದಲ್ಲಿ ಕಪ್ಪು ಜನರಿಗೆ ಸಿಕ್ಕಿದ್ದು ಅಡುಗೆಮನೆ ಮಾತ್ರ. 1942ರ ‘ಹಾಲಿಡೇ ಇನ್’ನಲ್ಲಿ ಲೂಯಿಸ್ ಬೀವರ್ಸ್ ಮನೆಗೆಲಸದವಳು. ಅದೇ ಚಿತ್ರದ ಒಂದು ಹಾಡಿನಲ್ಲಿ ಬಿಳಿಯ ನಟ ಬಿಂಗ್ ಕ್ರಾಸ್ಬಿ ಮುಖಕ್ಕೆ ಮಸಿ ಬಳಿದುಕೊಂಡು ಹಾಡುತ್ತಾರೆ. 1946ರಲ್ಲಿ ಫ್ರ್ಯಾಂಕ್ ಕಾಪ್ರಾ ಮಾಡಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಇಂದಿಗೂ ಜನಪ್ರಿಯ. ಅದರ ಕೊನೆಯಲ್ಲಿ, ಕಷ್ಟದಲ್ಲಿರುವ ನಾಯಕನಿಗಾಗಿ ಮನೆಗೆಲಸದ ಆ್ಯನಿ ತಾನು ಕೂಡಿಟ್ಟ ಹಣ ತಂದುಕೊಡುತ್ತಾಳೆ. ಆದರೆ ಅವಳಿಗೂ ಒಂದು ಹಬ್ಬವಿದೆಯೇ ಎಂದು ಕಥೆ ವಿಚಾರಿಸುವುದಿಲ್ಲ.

ಮನೆಯ ಯಜಮಾನಿಕೆ ಬದಲಾದದ್ದು ಅರ್ಧ ಶತಮಾನದ ನಂತರ. 1947ರ ‘ದಿ ಬಿಷಪ್ಸ್ ವೈಫ್’ ಕಥೆಯನ್ನು ಪೆನ್ನಿ ಮಾರ್ಷಲ್ 1996ರಲ್ಲಿ ‘ದಿ ಪ್ರೀಚರ್ಸ್ ವೈಫ್’ ಆಗಿ ಕಪ್ಪು ಜನರ ಚರ್ಚಿನೊಳಗೆ ತಂದರು. ಡೆನ್ಜೆಲ್ ವಾಷಿಂಗ್ಟನ್ ದೇವದೂತನಾದರು, ವಿಟ್ನಿ ಹ್ಯೂಸ್ಟನ್ ಹಾಡಿದರು. 2007ರ ‘ದಿಸ್ ಕ್ರಿಸ್‌ಮಸ್’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತಾಯಿ, ಮಕ್ಕಳು, ಕುಟುಂಬದ ಡ್ರೈಕ್ಲೀನಿಂಗ್ ವ್ಯಾಪಾರ, ಅಕ್ಕತಂಗಿಯರ ಜಗಳ ಎಲ್ಲವೂ ಅಲ್ಲಿ ಕಪ್ಪು ಕುಟುಂಬದವೇ. 2008ರ ‘ನಥಿಂಗ್ ಲೈಕ್ ದಿ ಹಾಲಿಡೇಸ್’ ಷಿಕಾಗೊದ ಪೋರ್ಟೊರಿಕನ್ ಕುಟುಂಬಕ್ಕೂ ಅದೇ ಹಕ್ಕು ಕೊಟ್ಟಿತು. ಯಾರಿಗೂ ಮಾದರಿಯಾಗಿ ನಿಲ್ಲದೆ, ಸಾಮಾನ್ಯರಂತೆ ಜಗಳವಾಡಿ ರಾಜಿಯಾಗುವ ಸ್ವಾತಂತ್ರ್ಯವೇ ಈ ಚಿತ್ರಗಳ ದೊಡ್ಡ ಗಳಿಕೆ.

ಚಿತ್ರಮಂದಿರದಲ್ಲಿ ಆದದ್ದು ಟಿವಿಗೆ ಬರಲು ತಡವಾಯಿತು. ಅಲ್ಲಿ ಹಾಲ್‌ಮಾರ್ಕ್‌ನದೇ ದೊಡ್ಡ ಹೆಸರು. 1910ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಶುರುವಾದ ಈ ಶುಭಾಶಯ ಪತ್ರಗಳ ಕಂಪನಿಯ ಚಾನೆಲ್ 2001ರಲ್ಲಿ ಬಂತು; 2009ರಿಂದ ವರ್ಷಾಂತ್ಯದ ತಿಂಗಳುಗಳನ್ನು ಕ್ರಿಸ್‌ಮಸ್ ಚಿತ್ರಗಳಿಗೇ ಮೀಸಲಿಟ್ಟಿತು. ಕಡಿಮೆ ಬಜೆಟ್, ಕೆಲವೇ ವಾರಗಳ ಚಿತ್ರೀಕರಣ, ಗೆದ್ದ ಕಥೆಯದೇ ಪುನರಾವರ್ತನೆ. ಹೀಗಾಗಿ ನಾಯಕಿ ಬಹುಪಾಲು ಬಿಳಿಯಳೇ; ಕಪ್ಪು ನಟಿಗೆ ಗೆಳತಿಯ ಪಾತ್ರ.

ಚಾನೆಲ್‌ನ ಈ ಅತಿ ಎಚ್ಚರಿಕೆ ಬಯಲಾದದ್ದು 2019ರ ಡಿಸೆಂಬರ್‌ನಲ್ಲಿ. ಮದುವೆ ಸಿದ್ಧತೆಯ ಜಾಲತಾಣ ಝೋಲಾದ, ಇಬ್ಬರು ವಧುಗಳು ಮುತ್ತಿಡುವ ಜಾಹೀರಾತನ್ನು ಸಂಪ್ರದಾಯವಾದಿ ಗುಂಪೊಂದರ ಒತ್ತಡಕ್ಕೆ ಮಣಿದು ಚಾನೆಲ್ ತೆಗೆದುಹಾಕಿತು. ಪ್ರತಿಭಟನೆ ಎದ್ದು ಕೆಲವೇ ದಿನಗಳಲ್ಲಿ ಕ್ಷಮೆ ಕೇಳಬೇಕಾಯಿತು. ಮರುತಿಂಗಳು ಮುಖ್ಯಸ್ಥ ಬಿಲ್ ಅಬಟ್ ಹೊರನಡೆದರು. 2020ರಲ್ಲಿ ಕಪ್ಪು ಮಹಿಳೆ ವೋನ್ಯಾ ಲೂಕಸ್ ಆ ಸ್ಥಾನಕ್ಕೆ ಬಂದರು. ಅದೇ ವರ್ಷ ‘ದಿ ಕ್ರಿಸ್‌ಮಸ್ ಹೌಸ್’ನಲ್ಲಿ ಮಗುವನ್ನು ದತ್ತು ಪಡೆಯಲು ಕಾಯುವ ಗೇ ದಂಪತಿ ಕಾಣಿಸಿಕೊಂಡರು. ಲೈಫ್‌ಟೈಮ್ ಚಾನೆಲ್ ಚೀನೀ ಮೂಲದ ಕುಟುಂಬದ ಕಥೆಯನ್ನೂ, ಗಾಲಿಕುರ್ಚಿ ಬಳಸುವ ನಟಿ ಆಲಿ ಸ್ಟ್ರೋಕರ್ ನಾಯಕಿಯಾದ ‘ಕ್ರಿಸ್‌ಮಸ್ ಎವರ್ ಆಫ್ಟರ್’ ಚಿತ್ರವನ್ನೂ ಪ್ರಸಾರ ಮಾಡಿತು. 2020ರ ‘ಹ್ಯಾಪಿಯೆಸ್ಟ್ ಸೀಸನ್’ನಲ್ಲಿ ಮಗಳು ತನ್ನ ಸಂಗಾತಿಯನ್ನು ಬರೀ ಗೆಳತಿಯೆಂದು ಹೆತ್ತವರಿಗೆ ಪರಿಚಯಿಸುತ್ತಾಳೆ. ಮರುವರ್ಷದ ‘ಸಿಂಗಲ್ ಆಲ್ ದಿ ವೇ’ಯಲ್ಲಿ ಮನೆಮಂದಿಯೆಲ್ಲ ಸೇರಿ ಮಗನಿಗೆ ಗಂಡು ಹುಡುಕುತ್ತಾರೆ! ಈ ಎರಡು ಚಿತ್ರಗಳ ನಡುವಿನ ದೂರವೇ ನಿಜವಾದ ಪ್ರಗತಿ.

ಧರ್ಮದ ವಿಚಾರದಲ್ಲಿ ದಾರಿ ಇನ್ನೂ ಕಠಿಣ. 2019ರ ‘ಹಾಲಿಡೇ ಡೇಟ್’ನ ಯೆಹೂದಿ ನಾಯಕ ಕ್ರಿಸ್‌ಮಸ್ ಪದ್ಧತಿಗಳು ಗೊತ್ತಿಲ್ಲದೆ ತಡವರಿಸುತ್ತಾನೆ; ಅವನು ಅತಿಥಿ. 2022ರ ‘ಹನುಕ್ಕಾ ಆನ್ ರೈ’ನಲ್ಲಿ ಯೆಹೂದಿ ಕುಟುಂಬಗಳ ಎರಡು ಅಂಗಡಿಗಳ ಪೈಪೋಟಿಯೇ ಕಥೆ, ಹನುಕ್ಕಾ ಹಬ್ಬವೂ ಅವರದೇ. ಭಾರತೀಯರು ಸದ್ಯಕ್ಕೆ ಬಹುತೇಕ ಅತಿಥಿಗಳೇ. ಅಮೆರಿಕದ ಹೊರಗೂ ಇದೇ ಕಥೆ: ಬೆಂಗಳೂರಿನ ಹಾಸ್ಯ ವೇದಿಕೆಗಳಲ್ಲಿ ಹೆಸರು ಮಾಡಿದ ಕನನ್ ಗಿಲ್ 2023ರ ನಾರ್ವೆ ಚಿತ್ರ ‘ಕ್ರಿಸ್‌ಮಸ್ ಆ್ಯಸ್ ಯೂಶುವಲ್’ನಲ್ಲಿ ಭಾವಿ ಅಳಿಯನಾಗಿ ಬರುತ್ತಾರೆ. ಅವರೂ ಹೆಣ್ಣಿನ ಮನೆಯ ಪದ್ಧತಿಗಳಿಗೆ ಹೊಂದಿಕೊಳ್ಳಬೇಕಾದ ಹೊಸಬರು.

ಹಿಂದಕ್ಕೆಳೆಯುವ ಬಲವೂ ಇದೆ. ಅಬಟ್ ಕಟ್ಟಿದ ಹೊಸ ಚಾನೆಲ್ ‘ಸಾಂಪ್ರದಾಯಿಕ ಮದುವೆ’ಗೆ ಅಂಟಿಕೊಳ್ಳುತ್ತದೆಂದು ಅದರ ಪ್ರಮುಖ ತಾರೆ ಕ್ಯಾಂಡೆಸ್ ಕ್ಯಾಮರಾನ್ ಬ್ಯೂರೆ 2022ರಲ್ಲಿ ಹೇಳಿದರು. ಅಂದರೆ ಈವರೆಗಿನ ಬದಲಾವಣೆಯನ್ನು ಶಾಶ್ವತವೆಂದು ನಂಬಿ ಕೂರುವಂತಿಲ್ಲ. 2019ರಲ್ಲಿ ಹಾಲ್‌ಮಾರ್ಕ್ ತನ್ನ ನಿರ್ಧಾರ ಹಿಂಪಡೆದದ್ದು ನೋಡುಗರು ಗಟ್ಟಿಯಾಗಿ ಕೇಳಿದ್ದರಿಂದ. ಮುಂದೆಯೂ ಕೇಳುತ್ತಲೇ ಇರಬೇಕು: ಬೇರೆಯವರ ಹಬ್ಬದಲ್ಲಿ ನಮಗೊಂದು ಕುರ್ಚಿ ಹಾಕಿದರೆ ಸಾಲದು, ನಮ್ಮ ಹಬ್ಬದ ಕಥೆಯನ್ನು ನಾವೇ ಬರೆಯುವ ಅವಕಾಶ ಬೇಕು.