ಕಕ್ಕಸು ಗುಂಡಿ ಬರಿದು ಮಾಡಿದವರು

ಬೆಂಗಳೂರಿನಲ್ಲಿ 1890ರ ದಶಕದಲ್ಲಿ ರೂಪುಗೊಂಡು 1898ರ ಪ್ಲೇಗ್ ಹಾವಳಿಯ ನಂತರ ಬೇಗನೆ ಜನವಸತಿಯಿಂದ ತುಂಬಿದ ಮಲ್ಲೇಶ್ವರ ಮತ್ತು ಬಸವನಗುಡಿಗಳಲ್ಲಿ, ಮನೆಗಳ ಸಾಲುಗಳ ಹಿಂಬದಿಗೆ ಕಿರಿದಾದ ಓಣಿಗಳು ಇಂದಿಗೂ ಉಳಿದಿವೆ. ಕನ್ಸರ್ವೆನ್ಸಿ ಓಣಿಗಳೆಂದು ಕರೆಯಲಾಗುವ ಇವು, ಒಣ ಪಾಯಿಖಾನೆಗಳಿಂದ, ಅಂದರೆ ನೀರು ಹಾಯಿಸುವ ಏರ್ಪಾಡಿಲ್ಲದೆ ಬುಟ್ಟಿಯಲ್ಲೋ ಡಬ್ಬದಲ್ಲೋ ಮಲ ಶೇಖರವಾಗುತ್ತಿದ್ದ ಕಕ್ಕಸುಗಳಿಂದ, ಅದನ್ನು ದಿನವೂ ಹೊತ್ತೊಯ್ಯುವವರು ಮನೆಯ ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದುಹೋಗಲೆಂದು ಬಿಟ್ಟ ದಾರಿಗಳು. ನೈರ್ಮಲ್ಯದ ಹೆಸರಿನಲ್ಲಿ ಎಳೆದ ನಕ್ಷೆಯೊಳಗೆ ಅಸ್ಪೃಶ್ಯತೆಗೂ ಹೀಗೆ ಜಾಗ ದೊರೆಯಿತು.

ಈ ದುಡಿಮೆಯನ್ನು ಅನಗತ್ಯಗೊಳಿಸಬಲ್ಲ ಸಾಧನ ಆ ವೇಳೆಗಾಗಲೇ ಯುರೋಪಿನಲ್ಲಿ ರೂಪು ತಳೆದಿತ್ತು. ಫ್ರಾನ್ಸಿನ ವೆಸೂಲ್ ಪಟ್ಟಣದ ಜಾನ್ ಲೂಯಿ ಮೂರಾ 1860ರ ಸುಮಾರಿಗೆ ಕಟ್ಟಿ 1881ರಲ್ಲಿ ಪೇಟೆಂಟ್ ಪಡೆದ ಮುಚ್ಚಿದ ತೊಟ್ಟಿಯನ್ನು ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರಾನ್ 1890ರ ದಶಕದಲ್ಲಿ ಸುಧಾರಿಸಿ, ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರನ್ನಿತ್ತನು. ಗಾಳಿಯಾಡದ ತೊಟ್ಟಿಯಲ್ಲಿ ಘನವಸ್ತು ತಳಕ್ಕಿಳಿದು ಸೂಕ್ಷ್ಮಜೀವಿಗಳಿಂದ ಭಾಗಶಃ ಕರಗುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ದ್ರವ ಇಂಗುಗುಂಡಿಗೆ ಹರಿಯುತ್ತದೆ. ಆದರೆ ಕರಗದೆ ಉಳಿದ ಹೂಳು ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವುದರಿಂದ, ಅದನ್ನು ಎರಡು ಮೂರು ವರ್ಷಕ್ಕೊಮ್ಮೆಯಾದರೂ ತೆಗೆಸದಿದ್ದರೆ ಘನವಸ್ತುವು ದ್ರವದೊಡನೆ ಹೊರಟು ಇಂಗುಗುಂಡಿಯ ರಂಧ್ರಗಳನ್ನು ಮುಚ್ಚುತ್ತದೆ. ಎಂದರೆ ಈ ತೊಟ್ಟಿ ಮಲ ಸಾಗಿಸುವ ಕೆಲಸವನ್ನು ಇಲ್ಲವಾಗಿಸಲಿಲ್ಲ. ನಿತ್ಯದ ಕೆಲಸವನ್ನು ಕೆಲವು ವರ್ಷಗಳಾಚೆಗೆ ಮುಂದೂಡಿತು, ಮನೆಯವರ ಕಣ್ಣಿನಿಂದಲೂ ಮರೆಮಾಡಿತು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ನಿಷೇಧಿಸಿದ್ದು, ಕೇಂದ್ರದ ಕಾನೂನಿಗಿಂತ ಸುಮಾರು ಎರಡು ದಶಕ ಮೊದಲೇ ಇಟ್ಟ ಧೀರ ಹೆಜ್ಜೆಯಾಗಿತ್ತು. ಹಾಗಿದ್ದೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುವ ಕೆಲಸದಲ್ಲಿದ್ದ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತೆಂಬುದು ಆ ನಿಷೇಧ ಎಷ್ಟು ದೂರ ತಲುಪಿತ್ತೆಂಬುದನ್ನು ತೋರಿಸುತ್ತದೆ. ಕೇಂದ್ರದ 1993ರ ಕಾಯ್ದೆಯ ಗಮನವೆಲ್ಲ ಒಣ ಪಾಯಿಖಾನೆಗಳ ಮೇಲಿದ್ದುದರಿಂದ ತೊಟ್ಟಿಯೊಳಗೆ ಇಳಿಯುವವರು ಅದರ ರಕ್ಷಣೆಯ ಹೊರಗೇ ಉಳಿದರು. ರಕ್ಷಣಾ ಸಲಕರಣೆಯಿಲ್ಲದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯರನ್ನು ಇಳಿಸುವುದು ಅಪರಾಧವಾದದ್ದು 2013ರ ಕಾಯ್ದೆಯಿಂದ. ಹೀಗೆ ಒಳಗಿಳಿದು ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್, 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೇರಿಸಿತು. ಮೊತ್ತವನ್ನು ಏರಿಸಬೇಕಾಯಿತೆಂದರೆ ಸಾವುಗಳು ನಿಂತಿರಲಿಲ್ಲವೆಂದೇ ಅರ್ಥ.

ಆ ಸಾವುಗಳ ಕಾರಣ ತೊಟ್ಟಿಯ ನಿರ್ವಹಣೆಯೊಡನೆ ನೇರವಾಗಿ ಬೆಸೆದುಕೊಂಡಿದೆ. ಕೊಳೆಯುವ ಹೂಳಿನಿಂದ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹೊಮ್ಮುತ್ತವೆ. ಎರಡನೆಯದು ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುವುದರಿಂದ ಇಳಿದವನಿಗೆ ಅಪಾಯದ ಸುಳಿವು ಸಿಗುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಅಲ್ಲಿಯೇ ಕುಸಿಯುತ್ತಾನೆ. ಬೆಂಗಳೂರಿನ ಒಳಚರಂಡಿ ತಲುಪದ ಹೊರವಲಯಗಳಲ್ಲಿ ಖಾಸಗಿಯವರು ಓಡಿಸುವ, ಹನಿ ಸಕ್ಕರ್ ಎಂದು ಹೆಸರಾದ ಹೀರುವ ಲಾರಿಗಳು ಈ ಇಳಿಯುವಿಕೆಯನ್ನು ಬಹುಮಟ್ಟಿಗೆ ತಪ್ಪಿಸಬಲ್ಲವಾದರೂ, ಅವುಗಳ ಪಂಪು ಎಳೆಯಬಲ್ಲದ್ದು ತೆಳುವಾದ ಹೂಳನ್ನು ಮಾತ್ರ. ಮನೆಯವರು ಹತ್ತಾರು ವರ್ಷ ತೆರೆಯಿಸದೆ ಬಿಟ್ಟ ತೊಟ್ಟಿಯ ತಳದಲ್ಲಿ ಗಟ್ಟಿಗೊಂಡ ಪದರ ಪೈಪಿಗೆ ಬಾರದಿದ್ದಾಗ, ಗುದ್ದಲಿ ಹಿಡಿದ ಮನುಷ್ಯನನ್ನು ಮತ್ತೆ ಕರೆಸಲಾಗುತ್ತದೆ.

ಲಾರಿ ತುಂಬಿದ ಹೂಳು ಬಹುಕಾಲ ಹೊಲಗಳಿಗೆ ಗೊಬ್ಬರವಾಗಿ ಸೇರುತ್ತಿತ್ತು, ಇಲ್ಲವೇ ಕೆರೆ, ರಾಜಕಾಲುವೆಗಳಿಗೆ ಕದ್ದು ಸುರಿಯಲ್ಪಡುತ್ತಿತ್ತು. ಅದನ್ನು ಸಂಸ್ಕರಿಸಲೆಂದೇ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಘಟಕ ದೇಶದ ಮೊದಲ ಪ್ರಯತ್ನಗಳಲ್ಲೊಂದು. ಹೂಳನ್ನು ಅಲ್ಲಿ ಕೊಳೆಯಿಸಿ, ಒಣಹಾಸುಗಳ ಮೇಲೆ ಹರಡಿ, ಬಸಿದ ನೀರನ್ನು ಜಲ್ಲಿಯ ಮೂಲಕ ಸೋಸಿ, ಒಣಗಿದ್ದನ್ನು ಊರಿನ ಹಸಿ ಕಸದೊಡನೆ ಬೆರೆಸಿ ಗೊಬ್ಬರ ಮಾಡುತ್ತಾರೆ.