ತಂಗಿಯ ಕ್ಯಾಲೊರಿ ಲೆಕ್ಕ ಮತ್ತು ಮಿಷನ್ ಆಸ್ಪತ್ರೆಯ ಹಳೇ ರಿಜಿಸ್ಟರು

ತುಂಬಾ ದಿನದಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಆಫೀಸು, ರಿಲೀಸು, ಅದೂ ಇದೂ... ನೆಪಗಳಿಗೇನು ಬರವೇ? ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ನನ್ನ ತಂಗಿ.

ಅವಳಿಗೆ ಇಪ್ಪತ್ತೊಂದು. ಮೊಬೈಲಿಗೊಂದು ಆ್ಯಪ್ ಹಾಕಿಕೊಂಡು ಕ್ಯಾಲೊರಿ ಲೆಕ್ಕ ಶುರು ಮಾಡಿದ್ದಳು. ದಿನಕ್ಕೆ 1,400, ಅದರ ಮೇಲೆ ಅರ್ಧ ಇಡ್ಲಿಯೂ ಇಲ್ಲ. ಎರಡು ತಿಂಗಳಾದ ಮೇಲೆ ತೂಕ ನೋಡಿದರೆ 3 ಕಿಲೋ ಏರಿದೆ! ನಾನೋ ದೊಡ್ಡ ಇಂಜಿನಿಯರು. "ಇನ್‌ಪುಟ್ ಸರಿ ಇದ್ರೆ ಔಟ್‌ಪುಟ್ ಸರಿ ಇರತ್ತೆ ಕಣೇ. ಎಲ್ಲೋ ಕದ್ದು ತಿಂತಿದೀಯ" ಅಂತ ಎಲ್ಲರ ಮುಂದೆ ನಕ್ಕುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಮಾರನೇ ದಿನದಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಳು.

ತಪ್ಪು ಅವಳದೇ ಅಂತ ಸಾಬೀತು ಮಾಡೋಣ ಎಂದು ಕ್ಯಾಲೊರಿಯ ಚರಿತ್ರೆ ಓದಲು ಕೂತೆ. ಆಮೇಲೆ ಆಗಿದ್ದೇ ಬೇರೆ.

ಕ್ಯಾಲೊರಿ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ. 1820ರ ದಶಕದಲ್ಲಿ ಪ್ಯಾರಿಸ್ಸಿನ ನಿಕೊಲಾ ಕ್ಲೆಮಾಂ ಎಂಬ ಮೇಷ್ಟರು ಉಗಿ ಯಂತ್ರಗಳ ಪಾಠ ಮಾಡುವಾಗ ಶಾಖ ಅಳೆಯಲು ಬಳಸಿದ ಪದ ಅದು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ, ಅಷ್ಟೇ. ಅದನ್ನು ಊಟದ ತಟ್ಟೆಗೆ ಇಳಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಆತ ಒಂದು ಪುಟ್ಟ ಕೋಣೆಯಂಥ ಯಂತ್ರ ಕಟ್ಟಿಸಿ, ಅದರೊಳಗೆ ಮನುಷ್ಯರನ್ನು ದಿನಗಟ್ಟಲೆ ಕೂರಿಸಿ, ಒಳಗೆ ಹೋದ ಊಟ, ಹೊರಬಂದ ಶಾಖ ಎರಡನ್ನೂ ಅಳೆದ. ಲೆಕ್ಕ ತಾಳೆಯಾಯಿತು. ಶಕ್ತಿಯ ನಿಯಮ ಮನುಷ್ಯನಿಗೂ ಅನ್ವಯಿಸುತ್ತದೆ. ಇಲ್ಲಿಯವರೆಗೆ ಗೆಲುವು ನನ್ನದೇ :-)

ಆದರೆ ಆಟ್‌ವಾಟರ್ ಕೊಟ್ಟ ಅಂಕಿಗಳು (ಒಂದು ಗ್ರಾಂ ಪಿಷ್ಟಕ್ಕೆ 4, ಪ್ರೋಟೀನಿಗೆ 4, ಕೊಬ್ಬಿಗೆ 9) ಬರೀ ಸರಾಸರಿ. ಇವತ್ತಿನ ಆ್ಯಪ್‌ಗಳ ಹಿಂದೆಯೂ ಹೆಚ್ಚುಕಮ್ಮಿ ಅವೇ ಅಂಕಿಗಳಿವೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಬಾದಾಮಿ ತಿನ್ನಿಸಿ ಅಳೆದು ನೋಡಿದರೆ, 28 ಗ್ರಾಂ ಬಾದಾಮಿಯಿಂದ ಮೈಗೆ ದಕ್ಕಿದ್ದು 129 ಕ್ಯಾಲೊರಿ ಮಾತ್ರ. ಹಳೇ ಲೆಕ್ಕದಲ್ಲಿ ಅದು 170ರ ಹತ್ತಿರ ಇತ್ತು!

ತೂಕ ಇಳಿಸಲು ಕ್ಯಾಲೊರಿ ಎಣಿಸಿ ಅಂತ ಮನೆಮನೆಗೆ ಹೇಳಿದವಳು ಲುಲು ಹಂಟ್ ಪೀಟರ್ಸ್ ಎಂಬ ಅಮೆರಿಕದ ಡಾಕ್ಟರು, 1918ರ ತನ್ನ ಪುಸ್ತಕದಲ್ಲಿ. ನಮ್ಮ ದೇಶಕ್ಕೆ ಅದೇ ಲೆಕ್ಕ ಬಂದದ್ದು ಉಲ್ಟಾ ಕಾರಣಕ್ಕೆ. 1937ರಲ್ಲಿ ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿದ್ದ ಆಕ್ರಾಯ್ಡ್ ನಮ್ಮ ಅಕ್ಕಿ, ರಾಗಿ, ಬೇಳೆ, ಸೊಪ್ಪುಗಳ ಪೌಷ್ಟಿಕಾಂಶದ ಪಟ್ಟಿ ಪ್ರಕಟಿಸಿದ. ಬಡವರ ಹೊಟ್ಟೆ ತುಂಬಿಸುವುದು ಹೇಗೆ ಎಂಬುದೇ ಅದರ ಚಿಂತೆ. 1950ರಲ್ಲಿ ನಮ್ಮ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾದಾಗಲೂ ದೇಶದ ಮುಂದಿದ್ದ ಪ್ರಶ್ನೆ ಹಸಿವೇ ಹೊರತು ಬೊಜ್ಜಲ್ಲ. ಅಂದ ಹಾಗೆ, ಕೂನೂರಿನ ಪಟ್ಟಿಯಲ್ಲಿದ್ದದ್ದು ಹೆಚ್ಚಾಗಿ ಹಸೀ ದಿನಸಿ. ಅಮ್ಮನ ಬಿಸಿಬೇಳೆಬಾತಿಗೆ ಎಷ್ಟು ತುಪ್ಪ ಬಿತ್ತು ಎನ್ನುವುದು ಯಾವ ಪಟ್ಟಿಯಲ್ಲೂ ಇಲ್ಲ.

ಇನ್ನು "ಕದ್ದು ತಿಂತಿದೀಯ" ಅಂದ ಮಾತು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದರು. 1,200 ಕ್ಯಾಲೊರಿಗಿಂತ ಕಮ್ಮಿ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ 10 ಜನರನ್ನು ಆರಿಸಿಕೊಂಡು, ಗುರುತು ಹಚ್ಚಿದ ನೀರು ಕುಡಿಸಿ, ನಿಜವಾದ ಖರ್ಚು ಅಳೆದರು. ಮೈಯ ಯಂತ್ರ ಸರಿಯಾಗಿಯೇ ಓಡುತ್ತಿತ್ತು. ತಿಂದದ್ದನ್ನು ಮಾತ್ರ ಸರಾಸರಿ ಶೇ. 47ರಷ್ಟು ಕಮ್ಮಿ ಬರೆದಿದ್ದರು. ಓದಿ ಕುಣಿದಾಡಿದೆ. ಆದರೆ 2002ರ ಇನ್ನೊಂದು ಅಧ್ಯಯನ ಸಿಕ್ಕಿತು. ಅದರಲ್ಲಿ ಪಥ್ಯ ಹೇಳುವುದನ್ನೇ ಕಸುಬು ಮಾಡಿಕೊಂಡ ಡಯಟಿಷಿಯನ್ನರೂ ದಿನಕ್ಕೆ ಸುಮಾರು 223 ಕ್ಯಾಲೊರಿ ಕಮ್ಮಿ ಬರೆದಿದ್ದರು! ಅವರೆಲ್ಲ ಕದ್ದು ತಿಂದರೇ? ಅಲ್ಲ. ಕಣ್ಣಳತೆಯೇ ಹಾಗೆ. ದೊಡ್ಡ ಚಮಚದ ಒಂದು ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ. ದಿನವೂ ಅಷ್ಟೊಂದು ಲೆಕ್ಕ ತಪ್ಪಿದರೆ ಎರಡು ತಿಂಗಳಿಗೆ ಹತ್ತಿರ ಹತ್ತಿರ ಒಂದು ಕಿಲೋ. ಸುಳ್ಳು ಬೇರೆ, ಲೆಕ್ಕ ತಪ್ಪುವುದು ಬೇರೆ. ಎರಡನ್ನೂ ಒಂದೇ ಮಾಡಿದ್ದು ನಾನು.

ಹೀಗೆ ಪ್ಯಾರಿಸ್ಸು, ನ್ಯೂಯಾರ್ಕು ಸುತ್ತಿ ಕೊನೆಗೆ ಬಂದು ನಿಂತದ್ದು ನಮ್ಮ ಮಂಡಿ ಮೊಹಲ್ಲಾದಲ್ಲಿ. ಒಂದೇ ಅಳತೆಯ ಎರಡು ಮೈಗಳು ಒಳಗೆ ಒಂದೇ ಥರ ಇರುತ್ತವೆಯೇ ಎಂದು ಹುಡುಕುತ್ತಿದ್ದಾಗ ಸಿಕ್ಕಿದ್ದು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಹೀಗೆಂದರೆ ಮೈಸೂರಿನವರಿಗೇ ಗೊತ್ತಾಗಲಿಕ್ಕಿಲ್ಲ, ಮಿಷನ್ ಆಸ್ಪತ್ರೆ ಅಂದರೆ ಆಟೋದವರಿಗೂ ಗೊತ್ತು. ಅಲ್ಲಿ 1934ರಿಂದಲೂ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ನಮ್ಮಜ್ಜಿ ಹುಟ್ಟಿದ್ದೂ ಅಲ್ಲೇ. ಅವಳೂ ಯಾವುದೋ ಪುಟದಲ್ಲಿ ಒಂದು ಸಾಲಾಗಿ ಕೂತಿರಬಹುದು.

ಹುಟ್ಟುವಾಗ ಸಣ್ಣಗಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಎಂದು ಇಂಗ್ಲೆಂಡಿನ ಹಳೇ ದಾಖಲೆಗಳಿಂದ ವಾದಿಸಿದ್ದ ಡೇವಿಡ್ ಬಾರ್ಕರ್ ತಂಡಕ್ಕೆ ಈ ರಿಜಿಸ್ಟರು ನಿಧಿಯಾಯಿತು. 1990ರ ದಶಕದಲ್ಲಿ ಆಸ್ಪತ್ರೆಯ ಸುತ್ತಮುತ್ತ ಮನೆಮನೆ ತಿರುಗಿ, 1934ರಿಂದ 1954ರ ಒಳಗೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಹಚ್ಚಿದರು. ಹುಟ್ಟಿದಾಗ ತೂಕ ಕಮ್ಮಿ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. 1996ರಲ್ಲಿ ಅದು ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮಧುಮೇಹದ ಕಥೆ ಬೇರೆಯೇ ಬಂತು. ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಿಗೆ, ತಾಯಿಯ ತೂಕ ಹೆಚ್ಚಿದ್ದವರಿಗೆ ಸಕ್ಕರೆ ಕಾಯಿಲೆ ಹೆಚ್ಚು ಎಂದು 1998ರ ಲೇಖನ ಹೇಳಿತು.

ಹಾಗಾದರೆ ಬಸುರಿನಲ್ಲಿ ಬರುವ ಸಕ್ಕರೆ ಮಗುವಿಗೆ ಏನು ಮಾಡುತ್ತದೆ? ಅದನ್ನು ನೋಡಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 'ಪಾರ್ಥೆನಾನ್' ಅಧ್ಯಯನ ಶುರುವಾಯಿತು. ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ 5 ವರ್ಷಕ್ಕೇ ಚರ್ಮದಡಿಯ ಕೊಬ್ಬು ಜಾಸ್ತಿ ಕಂಡಿತು. ಐದು ವರ್ಷದ ಮಗು ಯಾವ ಲೆಕ್ಕ ತಪ್ಪಿತ್ತು ಹೇಳಿ? ಆ ಮಕ್ಕಳಿಗೆ ಈಗ ನನ್ನದೇ ವಯಸ್ಸು.

ಪುಣೆಯ ಡಾಕ್ಟರ್ ಯಾಜ್ಞಿಕ್ ಇದರ ಇನ್ನೊಂದು ಮಗ್ಗುಲು ತೋರಿಸಿದ್ದಾರೆ. 2004ರಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತ ಒಂದು ಫೋಟೋ ಬಂತು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿ ಕೊಬ್ಬು ಎಷ್ಟು? ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2! ತೂಕದ ಮಷೀನಿಗೆ ಇಬ್ಬರೂ ಒಂದೇ.

ಮಿಷನ್ ಆಸ್ಪತ್ರೆಯ ರಿಜಿಸ್ಟರು ತಂಗಿಯ 3 ಕಿಲೋಗೆ ಉತ್ತರ ಹೇಳುವುದಿಲ್ಲ, ನಿಜ. ಆಟ್‌ವಾಟರನ ನಿಯಮವನ್ನು ಅದು ಸುಳ್ಳೂ ಮಾಡುವುದಿಲ್ಲ. ನನಗೆ ಅದು ಹೇಳಿದ್ದು ಇಷ್ಟೇ: ನಾವು ಲೆಕ್ಕ ಶುರು ಮಾಡುವ ದಿನ ಮೈಯ ಪುಸ್ತಕದ ಮೊದಲ ಪುಟ ಅಲ್ಲ. ಅಮ್ಮ, ಅಜ್ಜಿ ಬರೆದ ಪುಟಗಳು ಅದರಲ್ಲಿ ಮೊದಲೇ ಇರುತ್ತವೆ. ಬರೀ ಕೊನೆಯ ಸಾಲು ನೋಡಿ ಬೈದರೆ ಆಗುವುದಿಲ್ಲ.

ಒಂದು ಭಾನುವಾರ ತಂಗಿಯ ಬಾಗಿಲು ತಟ್ಟಿ "ತಪ್ಪಾಯ್ತು ಕಣೇ" ಅಂದೆ. "ಯಾವ ವರ್ಷದ ತಪ್ಪು ಅಣ್ಣಾ?" ಅಂದಳು! ಡಾಕ್ಟರ ಹತ್ತಿರ ಹೋದೆವು. ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಮಂದವಾಗಿತ್ತು. "ಇದರಿಂದ ಸ್ವಲ್ಪ ತೂಕ ಏರಿರುತ್ತೆ, ಅದರಲ್ಲೂ ಹೆಚ್ಚಿನದು ನೀರು. ಎಲ್ಲಾ ಇದರ ತಲೆಗೇ ಕಟ್ಟಬೇಡಿ" ಅಂದರು ಡಾಕ್ಟರು. ಮಾತ್ರೆ ಶುರುವಾಗಿದೆ. ಎಣ್ಣೆಯನ್ನು ಕಣ್ಣಳತೆ ಬಿಟ್ಟು ಚಮಚದಲ್ಲಿ ಅಳೆದು ಹಾಕು ಅಂತ ಅಮ್ಮನಿಗೆ ಹೇಳಲು ಹೋಗಿ ಇಬ್ಬರೂ ಬೈಸಿಕೊಂಡದ್ದೂ ಆಯಿತು. "ಮೂವತ್ತು ವರ್ಷದಿಂದ ಒಗ್ಗರಣೆ ಹಾಕ್ತಿರೋಳಿಗೆ ನೀವು ಹೇಳಿಕೊಡ್ತೀರಾ?"

ತಂಗಿಯ ತೂಕ ಇನ್ನೂ ಹೇಳಿಕೊಳ್ಳುವಷ್ಟೇನೂ ಇಳಿದಿಲ್ಲ. ಆದರೆ ನಿನ್ನೆ ರಾತ್ರಿ ನಮ್ಮ ಜೊತೆಯೇ ಊಟಕ್ಕೆ ಕೂತಳು. ಸದ್ಯಕ್ಕೆ ನನಗೆ ಅಷ್ಟು ಸಾಕು.

ನಿಮ್ಮ ಮನೆಯಲ್ಲೂ ಯಾರಾದರೂ ಲೆಕ್ಕ ಸರಿ ಇದ್ದೂ ತೂಕ ಏರ್ತಿದೆ ಅಂದರೆ, ನನ್ನ ಹಾಗೆ ನಗಬೇಡಿ. ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ.